ಭೂಮಿ ಹುಣ್ಣಿಮೆ ಆದ ವಾರವೇ ಬನ್ನಿ: ಜಿಲ್ಲಾ ಪಂಚಾಯಿತಿಗೆ ಒಂದು ಬಹಿರಂಗ ಪತ್ರ

ಶಿವಮೊಗ್ಗ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ,

ಮಾನ್ಯರೇ, ನಮಸ್ಕಾರ.

ನಾನು ಸಾಗರ ತಾಲ್ಲೂಕಿನ ಕಾಡಂಚಿನ ಹಳ್ಳಿಯವಳು. ಒಂದೂವರೆ ಎಕರೆ ಅಡಿಕೆ ತೋಟ, ಕೊಟ್ಟಿಗೆಯಲ್ಲಿ ನಾಲ್ಕು ದನ ಇವೆ. ಮಂಗನ ಕಾಯಿಲೆ ಬಗ್ಗೆ ನಿಮ್ಮನ್ನು ಒಂದು ವಿಷಯ ಕೇಳಬೇಕಿತ್ತು. ಕಾಯಿಲೆ ಬರುವ ಹೋಬಳಿಗಳಲ್ಲಿ ಪ್ರತಿ ವರ್ಷ ಭೂಮಿ ಹುಣ್ಣಿಮೆ (ದೀಪಾವಳಿಗೆ ಮುಂಚಿನ ಹುಣ್ಣಿಮೆ) ಆದ ಮೇಲಿನ ವಾರದಲ್ಲಿ ಒಂದು ದಿನದ ಆರೋಗ್ಯ ಸಮಾವೇಶ ಮಾಡಿಸಿ. ಅದಕ್ಕೆ ಬೇಕಾದ ದುಡ್ಡನ್ನು ಮೊದಲೇ ತೆಗೆದಿಡಿ.

ಆಗಲೇ ಯಾಕೆ ಅಂತೀರಾ? ಮಳೆ ನಿಂತು ನೆಲ ಒಣಗಿದ ಮೇಲೆ ಉಣುಗಿನ ಮರಿಗಳು ಜಾಸ್ತಿಯಾಗುತ್ತವೆ. ಎಳ್ಳಿನ ಕಾಳಿಗಿಂತ ಸಣ್ಣ ಹುಳ ಅದು. ಕಾಲಿಗೆ ಹತ್ತಿದರೂ ಗೊತ್ತಾಗುವುದಿಲ್ಲ, ಅದು ಕಚ್ಚಿದರೆ ಈ ಕಾಯಿಲೆ ಬರುತ್ತದೆ. ಡಿಸೆಂಬರ್‌ನಿಂದ ಮೇ ತನಕ ಕಾಯಿಲೆಯ ಕಾಲ. ದೀಪಾವಳಿ ಮುಗಿಯಿತು ಅಂದರೆ ಅಡಿಕೆ ಕೊಯ್ಲು, ಸುಲಿಯುವುದು, ಬೇಯಿಸುವುದು. ಆಮೇಲೆ ನೀವು ಕರೆದರೂ ಯಾರಿಗೂ ಬರಲು ಪುರುಸೊತ್ತು ಇರುವುದಿಲ್ಲ. ಈಗ ಆಗುತ್ತಿರುವುದು ಅದೇ. ಜನವರಿಯಲ್ಲಿ ಎಲ್ಲೋ ಒಂದು ಸಾವಾದ ಮೇಲೆ ಮೈಕ್ ಕಟ್ಟಿದ ಆಟೋ ಬರುತ್ತದೆ. ಕರಪತ್ರ ಕೈಗೆ ಬರುವಷ್ಟರಲ್ಲಿ ದರಗು (ಉದುರಿದ ಒಣ ಎಲೆ) ಗುಡಿಸಲು ಕಾಡಿಗೆ ಹೋದವರು ಹೋಗಿ ಬಂದಾಗಿರುತ್ತದೆ.

ನಮ್ಮ ಚಿಕ್ಕಪ್ಪನೂ ಹಾಗೇ ಹೋಗಿ ಬಂದವರು. ಕೊಟ್ಟಿಗೆಗೆ ಹಾಸಲು ನಾಲ್ಕು ಹೊರೆ ದರಗು ತಂದಿದ್ದರು. ವಾರದೊಳಗೆ ಜ್ವರ ಬಂತು. ತಲೆ ಸಿಡಿಯುವಷ್ಟು ನೋವು, ಮೈಯೆಲ್ಲ ಕುಟ್ಟಿ ಹಾಕಿದ ಹಾಗೆ. ಪೇಟೆಯ ಒಂದು ಕ್ಲಿನಿಕ್‌ನಲ್ಲಿ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದರು. 'ಕಾಡಿಗೆ ಹೋಗಿದ್ರಾ?' ಅಂತ ಅಲ್ಲಿ ಯಾರೂ ಕೇಳಲಿಲ್ಲ. ಅದನ್ನು ಹೇಳಬೇಕು ಅಂತ ನಮಗೂ ತಿಳಿದಿರಲಿಲ್ಲ. ನಾಲ್ಕು ದಿನ ಸುಮ್ನೆ ಕಳೆಯಿತು. ಮೂಗಿನಲ್ಲಿ ರಕ್ತ ಬಂದ ಮೇಲೆ ದೊಡ್ಡ ಆಸ್ಪತ್ರೆಗೆ ಓಡಿದೆವು. ಅವರು ಉಳಿದರು. ಆದರೆ ತಿಂಗಳುಗಟ್ಟಲೆ ಕೈ ನಡುಗುತ್ತಿತ್ತು, ಕಾಫಿ ಲೋಟವನ್ನು ಚಿಕ್ಕಮ್ಮನೇ ಹಿಡಿದು ಕುಡಿಸಬೇಕಿತ್ತು.

ಆಸ್ಪತ್ರೆಯಿಂದ ಬಂದ ದಿನ ಅವರ ಮನೆಯ ಕಿಟಕಿಯಲ್ಲಿ ನಾನೊಂದು ಬಾಟಲಿ ನೋಡಿದೆ. ಉಣುಗು ಹತ್ತದ ಹಾಗೆ ಹಚ್ಚಿಕೊಳ್ಳಲು ಕೊಟ್ಟ ಎಣ್ಣೆ. ಮೇಲೆಲ್ಲ ಧೂಳು, ಮುಚ್ಚಳದ ಸೀಲ್ ಕೂಡ ಒಡೆದಿರಲಿಲ್ಲ. ಯಾಕೆ ಹಚ್ಚಲಿಲ್ಲ ಅಂತ ಕೇಳಿದೆ. 'ಕೊಟ್ಟು ಹೋದ್ರು ಮಾರಾಯ್ತಿ. ಯಾವಾಗ ಹಚ್ಚೋದು, ಎಲ್ಲಿಗೆ ಹಚ್ಚೋದು ಯಾರಿಗೆ ಗೊತ್ತು?' ಅಂದರು ಚಿಕ್ಕಮ್ಮ. ಎಣ್ಣೆಗೆ ಸರ್ಕಾರ ಖರ್ಚು ಮಾಡಿದೆ, ಮನೆ ಬಾಗಿಲಿಗೂ ತಲುಪಿಸಿದೆ. ಹೇಗೆ ಬಳಸಬೇಕು ಎಂಬ ಎರಡು ಮಾತು ಮಾತ್ರ ಅದರ ಜೊತೆ ಬರಲಿಲ್ಲ. ಕೈಕಾಲಿಗೆ ಹಚ್ಚಿಕೊಂಡು ಮೈತುಂಬ ಬಟ್ಟೆ ಹಾಕಿಕೊಂಡು ಕಾಡಿಗೆ ಹೋಗಬೇಕು, ಬಂದ ಕೂಡಲೇ ಬಟ್ಟೆ ಬಿಚ್ಚಿ ಬಿಸಿನೀರು, ಸೋಪು ಹಾಕಿ ಮೀಯಬೇಕು. ಇಷ್ಟೇ ಅಲ್ವಾ? ಇದನ್ನು ಒಬ್ಬರು ಎದುರು ಕೂತು ತೋರಿಸಿದ್ದರೆ ಸಾಕಿತ್ತು.

ಆಶಾ ಕಾರ್ಯಕರ್ತೆಯರನ್ನು ನಾನು ದೂರುವುದಿಲ್ಲ. ಒಬ್ಬಳು ಹೆಣ್ಣುಮಗಳು ಗುಡ್ಡ ಹತ್ತಿ ಇಳಿದು ಎಷ್ಟು ಮನೆ ತಿರುಗಬಲ್ಲಳು?

ಈ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಲೋಕವೆಲ್ಲ ಅದನ್ನು ಆ ಕಾಡಿನ ಹೆಸರಿನಿಂದಲೇ ಕರೆಯುತ್ತದೆ. 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡು ಕಡೆ ಆದ ಸಾವುಗಳನ್ನು ನಾವು ಮರೆತಿಲ್ಲ. ಹಳೆಯ ಲಸಿಕೆ ಸಾಲದು ಅಂತ ನಿಲ್ಲಿಸಿದರು. ಹೊಸದರ ಕೆಲಸ ನಡೆದಿದೆ, ಬೇಗ ಬರಲಿ. ಕಾಯಿಲೆಗೆ ಅಂತಲೇ ಬೇರೆ ಔಷಧಿ ಇಲ್ಲ. ಬೇಗ ಗುರುತಿಸಿ ಆರೈಕೆ ಮಾಡುವುದೇ ದಾರಿ. ಹಾಗಿರುವಾಗ ತಿಳಿವಳಿಕೆಗೆ ಹಾಕುವ ದುಡ್ಡನ್ನು ಉಳಿದ ಬಾಬ್ತಿನ ಪುಡಿಗಾಸು ಅಂತ ನೋಡಬೇಡಿ.

ತಜ್ಞರ ಸಮ್ಮೇಳನಗಳು ನಡೆಯುತ್ತವೆ, ನಡೆಯಬೇಕು. ಆದರೆ ಆ ಸಭೆಯಲ್ಲಿ ದರಗು ಗುಡಿಸುವವರೂ ಇರಲಿ. ಆಶಾ ಕಾರ್ಯಕರ್ತೆಯರಿಗೆ, ಅರಣ್ಯ ಇಲಾಖೆಯ ವಾಚರ್‌ಗಳಿಗೆ ಬಸ್ ಚಾರ್ಜು, ದಿನಭತ್ಯೆ ಕೊಟ್ಟು ಕರೆಸಿ. ಕೂಲಿಗೆ ಹೋಗುವವರಿಗೆ ಆ ದಿನದ ಕೂಲಿ ಕೊಡಿ, ಇಲ್ಲದಿದ್ದರೆ ಅವರು ಬರುವುದಿಲ್ಲ. ಮಾತು ಕನ್ನಡದಲ್ಲಿರಲಿ. ಪೇಟೆಯ ಖಾಸಗಿ ಡಾಕ್ಟರುಗಳನ್ನೂ, ಮೆಡಿಕಲ್ ಶಾಪಿನವರನ್ನೂ ತಪ್ಪದೆ ಕರೆಯಿರಿ. ಜ್ವರ ಬಂದವರು ಮೊದಲು ಹೋಗುವುದು ಅವರ ಹತ್ತಿರ. ಮೈಕೈ ನೋವು ಅಂತ ಸಿಕ್ಕ ನೋವಿನ ಮಾತ್ರೆ ನುಂಗಿದರೆ ರಕ್ತಸ್ರಾವ ಜಾಸ್ತಿಯಾಗಬಹುದು ಅನ್ನುವುದು ಅಂಗಡಿಯ ಹುಡುಗನಿಗೂ ಗೊತ್ತಿರಲಿ.

ಪಕ್ಕದ ಜಿಲ್ಲೆಗಳ ಸಿದ್ದಾಪುರದವರನ್ನೂ, ಕೊಪ್ಪದವರನ್ನೂ ಕರೆಯಿರಿ. ಅವರೂ ಇದನ್ನು ಅನುಭವಿಸಿದವರು.

ಇನ್ನೊಂದು ಮಾತು, ಸತ್ತ ಮಂಗದ್ದು. ಮಂಗ ಸತ್ತಾಗ ಅದರ ಮೈಮೇಲಿನ ಉಣುಗು ಸುತ್ತಲಿನ ನೆಲಕ್ಕೆ ಇಳಿಯುತ್ತದೆ. ಮುಟ್ಟಬಾರದು, ಹತ್ತಿರ ಹೋಗಬಾರದು, ಕೂಡಲೇ ತಿಳಿಸಬೇಕು ಅನ್ನುತ್ತಾರೆ. ಯಾರಿಗೆ ತಿಳಿಸಬೇಕು? ಪಂಚಾಯಿತಿಗೆ ಹೇಳಿದರೆ ಅರಣ್ಯ ಇಲಾಖೆಗೆ ಹೇಳಿ ಅಂತಾರೆ, ಅಲ್ಲಿ ಹೋದರೆ ಆಸ್ಪತ್ರೆಗೆ ಹೇಳಿ ಅಂತಾರೆ. ಈ ಮೂವರೂ ಒಂದೇ ವೇದಿಕೆಯಲ್ಲಿ ಕೂತು, ಊರವರ ಎದುರು ಒಂದೇ ಒಂದು ಫೋನ್ ನಂಬರ್ ಕೊಡಲಿ. ಸಮಾವೇಶದಲ್ಲಿ ಬೇರೇನೂ ಆಗದೆ ಇದೊಂದು ಆದರೂ ನನಗೆ ಸಮಾಧಾನ.

ನಮ್ಮೂರ ಶಾಲೆಯ ಜಗಲಿಯಲ್ಲಿ ಇನ್ನೂರು ಜನ ಕೂರಬಹುದು. ಮಧ್ಯಾಹ್ನದ ಊಟ ಊರಿನ ಹೆಂಗಸರದ್ದು, ಅಕ್ಕಿ-ಬೇಳೆ ಮನೆಮನೆಯಿಂದ ಕೂಡಿಸುತ್ತೇವೆ. ಚಿಕ್ಕಪ್ಪ ಬಂದು ತಮಗಾದದ್ದನ್ನು ತಾವೇ ಹೇಳುತ್ತೇನೆ ಅಂದಿದ್ದಾರೆ. ತಾರೀಕು ಒಂದು ನೀವು ತಿಳಿಸಿ.

ಇಂತಿ ನಮಸ್ಕಾರಗಳೊಂದಿಗೆ,
ಸಾಗರ ತಾಲ್ಲೂಕಿನ ಒಬ್ಬ ರೈತ ಮಹಿಳೆ