ಒತ್ತಡಕ್ಕೆ ವ್ಯಾಯಾಮವೇ ಮದ್ದೆಂದು ಅಪ್ಪಣೆ ಕೊಡುವ ಮುನ್ನ

ಮಾನ್ಯರೇ,

ಒತ್ತಡ, ವ್ಯಾಯಾಮ ಮತ್ತು ಮಿದುಳಿನ ನಂಟನ್ನು ಕುರಿತು ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಶರೀರಕ್ರಿಯಾ ವಿಜ್ಞಾನಿ ಮೋನಿಕಾ ಫ್ಲೆಶ್ನರ್ ಅವರು ನಡೆಸಿದ ಸಂಶೋಧನೆಯನ್ನು ಪರಿಚಯಿಸುವ ಲೇಖನವನ್ನು ನಿಮ್ಮ ಆರೋಗ್ಯ ಪುಟದಲ್ಲಿ ಓದಿದೆ. ಶರೀರಕ್ರಿಯಾ ವಿಜ್ಞಾನಕ್ಕೆ ದಿನಪತ್ರಿಕೆಯಲ್ಲಿ ಇಷ್ಟು ಜಾಗ ಸಿಗುವುದು ಅಪರೂಪ. ವೈದ್ಯಕೀಯ ವಿದ್ಯಾರ್ಥಿಗಳಿಗೆ ಬಹುಕಾಲ ಇದೇ ವಿಷಯವನ್ನು ಕಲಿಸಿದವಳಾಗಿ ನನಗೆ ಸಂತೋಷವೇ ಆಯಿತು. ಆದರೆ ‘ಓಡಿ, ಒತ್ತಡವನ್ನು ಓಡಿಸಿ’ ಎಂಬ ತಲೆಬರಹ ಆ ಸಂಶೋಧನೆ ಹೇಳದ ಮಾತನ್ನು ಅದರ ಬಾಯಲ್ಲಿ ಹೇಳಿಸಿದೆ. ಫ್ಲೆಶ್ನರ್ ಅವರ ಪ್ರಯೋಗಗಳಲ್ಲಿ ಒತ್ತಡ ಎಲ್ಲಿಗೂ ಓಡಿಹೋಗುವುದಿಲ್ಲ. ಅದು ಬರುವ ಹೊತ್ತಿಗೆ ಬರುತ್ತದೆ. ಅದನ್ನು ಎದುರಿಸುವ ಮಿದುಳು ಮಾತ್ರ ಬದಲಾಗಿರುತ್ತದೆ. ಈ ವ್ಯತ್ಯಾಸವನ್ನು ಸಣ್ಣದೆಂದು ತಳ್ಳಿಹಾಕುವಂತಿಲ್ಲ.

2003ರಲ್ಲಿ ಬೆಂಜಮಿನ್ ಗ್ರೀನ್‌ವುಡ್, ಫ್ಲೆಶ್ನರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವನ್ನೇ ನೋಡಿ. ಕೆಲವು ಗಂಡು ಇಲಿಗಳಿಗೆ ಗೂಡಿನಲ್ಲಿ ಸರಾಗವಾಗಿ ತಿರುಗುವ ಚಕ್ರವನ್ನು ಕೊಡಲಾಯಿತು, ಉಳಿದವುಗಳಿಗೆ ಓಡುವ ಅವಕಾಶವಿರಲಿಲ್ಲ. ಇಲಿ ಇರುಳಿನ ಪ್ರಾಣಿ. ದೀಪ ಆರಿದ ಮೇಲೆ ಚಕ್ರ ಹತ್ತುತ್ತದೆ, ಕೊಂಚ ಹೊತ್ತು ಬಿರುಸಾಗಿ ಓಡುತ್ತದೆ, ಇಳಿದು ನೀರು ಕುಡಿಯುತ್ತದೆ, ಮೈ ನೆಕ್ಕಿಕೊಳ್ಳುತ್ತದೆ, ಮನಸ್ಸಾದರೆ ಮತ್ತೆ ಹತ್ತುತ್ತದೆ. ಹಿಂದಿನಿಂದ ಯಾರೂ ಅಟ್ಟುವುದಿಲ್ಲ. ಹೀಗೆ 6 ವಾರ ಕಳೆದ ಮೇಲೆ ಅವುಗಳ ಬಾಲಕ್ಕೆ ಮತ್ತೆ ಮತ್ತೆ ವಿದ್ಯುತ್ ಆಘಾತ ಕೊಡಲಾಯಿತು. ಇಲಿ ಏನೇ ಮಾಡಿದರೂ ಆ ಆಘಾತ ನಿಲ್ಲುವಂತಿರಲಿಲ್ಲ. ಮರುದಿನದ ಪರೀಕ್ಷೆ ಬೇರೆ ಪೆಟ್ಟಿಗೆಯಲ್ಲಿ; ಅಲ್ಲಿ ಆಘಾತದಿಂದ ಪಾರಾಗುವ ದಾರಿ ಇತ್ತು. ಓಡದೆ ಕಾಲ ಕಳೆದ ಇಲಿಗಳು ದಾರಿ ಕಣ್ಣೆದುರೇ ಇದ್ದರೂ ಅದನ್ನು ಹಿಡಿಯಲಾರದೆ ಹೆಪ್ಪುಗಟ್ಟಿದಂತೆ ಕುಳಿತವು. ಆರು ವಾರ ಓಡಿದ ಇಲಿಗಳು ಪಾರಾಗಲು ಕಲಿತವು.

ಹೀಗೆ ಕೈಚೆಲ್ಲಿ ಕೂರುವ ಸ್ಥಿತಿಯನ್ನು 1967ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳಲ್ಲಿ ತೋರಿಸಿದ್ದರು. ಖಿನ್ನತೆಯನ್ನು ಅರ್ಥಮಾಡಿಕೊಳ್ಳಲು ಇಂದಿಗೂ ಆ ಪ್ರಯೋಗ ಆಧಾರವಾಗಿದೆ. ಚಕ್ರದ ಓಟ ಅದನ್ನು ತಡೆದದ್ದು ಹೇಗೆ ಎಂಬುದಕ್ಕೆ ಫ್ಲೆಶ್ನರ್ ತಂಡ ಮಿದುಳಿನ ಕಾಂಡದಲ್ಲಿರುವ ಡಾರ್ಸಲ್ ರಾಫೆ ಎಂಬ ಪುಟ್ಟ ಜಾಗದತ್ತ ಬೊಟ್ಟು ಮಾಡಿತು. ನರಕೋಶಗಳ ನಡುವೆ ಸಂದೇಶ ಒಯ್ಯುವ ಸಿರೊಟೋನಿನ್ ಎಂಬ ರಾಸಾಯನಿಕವನ್ನು ತಯಾರಿಸುವ ನರಕೋಶಗಳ ಗುಂಪು ಅಲ್ಲಿದೆ. ತಪ್ಪಿಸಿಕೊಳ್ಳಲಾಗದ ಆಘಾತ ಬಿದ್ದಾಗ ಆ ಕೋಶಗಳು ಮಿತಿಮೀರಿ ಕೆರಳುತ್ತವೆ. ಆ ಕೆರಳಿಕೆಯ ಪರಿಣಾಮ ಮರುದಿನದವರೆಗೂ ಉಳಿದು ಭಯವನ್ನು ಹೆಚ್ಚಿಸುತ್ತದೆ, ಹೊಸದನ್ನು ಕಲಿಯಲು ಬಿಡುವುದಿಲ್ಲ. ಓಡಿದ ಇಲಿಗಳಲ್ಲಿ ಈ ಕೋಶಗಳು ತಮ್ಮನ್ನು ತಾವೇ ಹದ್ದುಬಸ್ತಿನಲ್ಲಿಡಲು ಬಳಸುವ ಗ್ರಾಹಕದ (ಸಿರೊಟೋನಿನ್ ಅನ್ನು ಗುರುತಿಸುವ ಪ್ರೋಟೀನಿನ) ಸಂದೇಶಾಣುಗಳು, ಅಂದರೆ ಅದನ್ನು ತಯಾರಿಸುವ ಸೂಚನೆ ಹೊತ್ತ ಅಣುಗಳು, ಹೆಚ್ಚಿದ್ದವು, ಆಘಾತದ ಹೊತ್ತಿನ ಕೆರಳಿಕೆಯೂ ಕಡಿಮೆಯಿತ್ತು. ಸಿರೊಟೋನಿನ್ ಅನ್ನು ‘ಸಂತೋಷದ ರಾಸಾಯನಿಕ’ ಎಂದು ಕರೆದು, ವ್ಯಾಯಾಮ ಅದನ್ನು ಏರಿಸುತ್ತದೆ ಎಂದು ನಿಮ್ಮ ಲೇಖನ ಬರೆದಿರುವುದು ಈ ಶೋಧಕ್ಕೆ ಸರಿಸುಮಾರು ತಿರುಗುಮುರುಗು. ಇಲ್ಲಿ ಒಳಿತಾದದ್ದು ಏರಿಕೆಯಿಂದಲ್ಲ, ಅಂಕೆಯಿಂದ.

ಲೇಖನ ಬಿಟ್ಟುಬಿಟ್ಟ ಇನ್ನೊಂದು ಸಂಗತಿ ಕಾಲದ್ದು. 2005ರಲ್ಲಿ ಇದೇ ತಂಡ ತೋರಿಸಿದಂತೆ 3 ವಾರದ ಓಟಕ್ಕೆ ಈ ರಕ್ಷಣೆ ಸಿಗಲಿಲ್ಲ, 6 ವಾರಕ್ಕೆ ಸಿಕ್ಕಿತು. ಇಲಿಯ ವಾರಗಳನ್ನು ಮನುಷ್ಯನ ವಾರಗಳಿಗೆ ನೇರವಾಗಿ ಹೊಂದಿಸಲು ಬರುವುದಿಲ್ಲ, ನಿಜ. ಆದರೂ ನಾಲ್ಕು ದಿನ ನಡೆದು ಏನೂ ಆಗಲಿಲ್ಲವೆಂದು ತನ್ನನ್ನೇ ಹಳಿದುಕೊಳ್ಳುವ ಓದುಗನಿಗೆ ಇದು ತಿಳಿದಿರಬೇಕಿತ್ತು. ನರಕೋಶದೊಳಗಿನ ಬದಲಾವಣೆ ನಿಧಾನದ ಕೆಲಸ.

ನಾನು ಮುಖ್ಯವಾಗಿ ಹೇಳಬೇಕಾದದ್ದು ಒತ್ತಾಯದ ವ್ಯಾಯಾಮದ ಬಗ್ಗೆ. ಒತ್ತಡದ ವಿಜ್ಞಾನಕ್ಕೆ ಬುನಾದಿ ಹಾಕಿದ ಹ್ಯಾನ್ಸ್ ಸೆಲ್ಯೆ 1936ರಲ್ಲಿ ಇಲಿಗಳಲ್ಲಿ ಮೂರು ಗುರುತುಗಳನ್ನು ಕಂಡಿದ್ದರು: ಒತ್ತಡದ ಹಾರ್ಮೋನು ಸ್ರವಿಸುವ ಅಡ್ರಿನಲ್ ಗ್ರಂಥಿಗಳು ಊದುತ್ತವೆ, ರೋಗನಿರೋಧಕ ವ್ಯವಸ್ಥೆಯ ಭಾಗವಾದ ಥೈಮಸ್ ಗ್ರಂಥಿ ಕುಗ್ಗುತ್ತದೆ, ಜಠರದಲ್ಲಿ ಹುಣ್ಣಾಗುತ್ತದೆ. ಚಳಿ, ಗಾಯ, ವಿಷ, ಅತಿಯಾದ ಓಟ, ಕಾರಣ ಯಾವುದಾದರೂ ಗುರುತುಗಳು ಅವೇ. ಅತಿಯಾದ ಓಟವೂ ಆ ಪಟ್ಟಿಯಲ್ಲಿತ್ತು ಎಂಬುದನ್ನು ಗಮನಿಸಿ. 2000ದಲ್ಲಿ ಆಲ್ಬರ್ಟ್ ಮೊರಾಸ್ಕಾ, ಫ್ಲೆಶ್ನರ್ ಮುಂತಾದವರು ಟ್ರೆಡ್‌ಮಿಲ್ ಮೇಲೆ ಬಲವಂತವಾಗಿ ಓಡಿಸಿದ ಇಲಿಗಳನ್ನು ಪರೀಕ್ಷಿಸಿದಾಗ ವ್ಯಾಯಾಮದ ಲಾಭಗಳ ಜೊತೆಗೇ ಊದಿದ ಅಡ್ರಿನಲ್, ಕುಗ್ಗಿದ ಥೈಮಸ್ ಎರಡೂ ಕಂಡವು. ಮೈ ಗಟ್ಟಿಯಾಗುತ್ತಿತ್ತು, ಒಳಗೆ ದೀರ್ಘ ಒತ್ತಡದ ಗುರುತೂ ಬೀಳುತ್ತಿತ್ತು. ಬಿರುಸಿನ ವ್ಯಾಯಾಮ ಮಾಡುವಾಗ ಮನುಷ್ಯನ ರಕ್ತದಲ್ಲೂ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಏರುತ್ತದೆ. ವ್ಯಾಯಾಮವೂ ದೇಹಕ್ಕೆ ಒಂದು ಒತ್ತಡವೇ. ಅದು ಹಿತವಾಗುವುದು ಅಳತೆಯಿಂದ, ನಡುನಡುವಿನ ವಿಶ್ರಾಂತಿಯಿಂದ.

ಹಾಗಾದರೆ ಸ್ವಂತ ಇಚ್ಛೆಯ ವ್ಯಾಯಾಮ ಮಾತ್ರ ಒಳ್ಳೆಯದು, ಹೇರಿದ್ದು ಕೆಟ್ಟದ್ದು ಎಂದು ಗೆರೆ ಎಳೆದುಬಿಡಬಹುದೇ? ನನಗೂ ಆ ತೀರ್ಮಾನ ಇಷ್ಟವೇ, ಆದರೆ ಪ್ರಯೋಗ ಅಷ್ಟು ಸುಲಭಕ್ಕೆ ಒಪ್ಪಿಕೊಡಲಿಲ್ಲ. 2013ರಲ್ಲಿ ಗ್ರೀನ್‌ವುಡ್ ಮತ್ತು ಫ್ಲೆಶ್ನರ್ ತಂಡ ಮೋಟಾರಿನಿಂದ ತಿರುಗುವ ಚಕ್ರದಲ್ಲಿ ಇಲಿಗಳನ್ನು ಓಡಿಸಿತು. ಇಲಿಗೆ ಆಯ್ಕೆ ಇರಲಿಲ್ಲ, ಆದರೆ ಮೋಟಾರು ಇಲಿ ತಾನಾಗಿ ಓಡುವ ಲಯವನ್ನೇ ಅನುಸರಿಸುತ್ತಿತ್ತು: ಸ್ವಲ್ಪ ಓಟ, ಸ್ವಲ್ಪ ಬಿಡುವು. ಆ ಇಲಿಗಳಿಗೂ ರಕ್ಷಣೆ ದೊರೆಯಿತು. ಟ್ರೆಡ್‌ಮಿಲ್ ಇಲಿಗಳಿಗೆ ದೊರೆಯಲಿಲ್ಲ. ಯಾರು ಓಡಿಸಿದರು ಎನ್ನುವುದಕ್ಕಿಂತ ಹೇಗೆ ಓಡಿಸಿದರು, ನಡುವೆ ಉಸಿರಾಡಲು ಬಿಟ್ಟರೇ ಎನ್ನುವುದು ದೊಡ್ಡದಾಯಿತು. ನಾನು ಓದಿದ ಪ್ರಯೋಗಗಳಲ್ಲಿ ಇದು ನನಗೆ ಬಹಳ ಪ್ರಿಯವಾದದ್ದು. ತಾವೇ ಕಟ್ಟಿಕೊಳ್ಳಬಹುದಾಗಿದ್ದ ಚೆಂದದ ಊಹೆಯನ್ನು ಸಂಶೋಧಕರು ತಾವೇ ಪರೀಕ್ಷೆಗೆ ಒಡ್ಡಿದರು.

ಇದರ ಜೊತೆಗೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು ಕಂಡುಕೊಂಡದ್ದನ್ನೂ ಓದುಗರ ಮುಂದಿಡಬೇಕಿತ್ತು. 2002ರಲ್ಲಿ ಅವರು ತೋರಿಸಿದ್ದು ಹೀಗೆ: ದಿನಕ್ಕೆ 2 ಗಂಟೆಯಂತೆ 10 ದಿನ ಇಲಿಯನ್ನು ಅಲುಗಾಡದಂತೆ ಹಿಡಿದಿಟ್ಟರೆ, ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್‌ನ ನರಕೋಶಗಳ ಕವಲುಗಳು ಮೊಟಕಾಗುತ್ತವೆ, ಭಯವನ್ನು ನಿಭಾಯಿಸುವ ಅಮಿಗ್ಡಲಾದಲ್ಲಿ ಅದೇ ಒತ್ತಡಕ್ಕೆ ಕವಲುಗಳು ಇನ್ನಷ್ಟು ಹಬ್ಬುತ್ತವೆ. ಆಮೇಲೆ 21 ದಿನ ನೆಮ್ಮದಿಯಾಗಿ ಬಿಟ್ಟರೂ ಅಮಿಗ್ಡಲಾದ ಆ ಹಬ್ಬುವಿಕೆ ಇಳಿಯಲಿಲ್ಲ ಎಂದು 2004ರಲ್ಲಿ ವರದಿಯಾಯಿತು. ಒತ್ತಡ ಮುಗಿದರೂ ಅದರ ಗುರುತು ಉಳಿಯಬಲ್ಲದು. ಇದನ್ನು ಬಲ್ಲವರು ‘ಒಂದು ಸುತ್ತು ಓಡಿ ಬನ್ನಿ, ಸರಿಹೋಗುತ್ತದೆ’ ಎಂದು ನೊಂದವರಿಗೆ ಹೇಳಲಾರರು.

ಮನುಷ್ಯರ ಮಾತಿಗೆ ಬರೋಣ. ವಯಸ್ಸಾದ 120 ಮಂದಿಯನ್ನು ಒಂದು ವರ್ಷ ಗಮನಿಸಿದ ಕರ್ಕ್ ಎರಿಕ್ಸನ್ ಮತ್ತು ಸಂಗಡಿಗರ 2011ರ ಅಧ್ಯಯನದಲ್ಲಿ, ವೇಗದ ನಡಿಗೆಯ ಗುಂಪಿನಲ್ಲಿ ಹಿಪ್ಪೊಕ್ಯಾಂಪಸ್‌ನ ಮುಂಭಾಗದ ಗಾತ್ರ ಸುಮಾರು ಶೇ 2ರಷ್ಟು ಹೆಚ್ಚಿತು. ಮೈ ಚಾಚುವ ವ್ಯಾಯಾಮವನ್ನಷ್ಟೇ ಮಾಡಿದವರಲ್ಲಿ ಕುಗ್ಗಿತು. ಇದು ಹುರುಪು ತರುವ ಫಲಿತಾಂಶವೇ. ಆದರೆ ‘ವ್ಯಾಯಾಮದಿಂದ ಮಿದುಳಿನಲ್ಲಿ ಹೊಸ ನರಕೋಶಗಳು ಹುಟ್ಟುತ್ತವೆ’ ಎಂದು ನಿಮ್ಮ ಲೇಖನ ಇತ್ಯರ್ಥವಾದ ಸತ್ಯದಂತೆ ಬರೆದಿದೆ. 1999ರಲ್ಲಿ ಹೆನ್ರಿಯೆಟ್ ವಾನ್ ಪ್ರಾಗ್ ಮತ್ತು ಫ್ರೆಡ್ ಗೇಜ್ ಅದನ್ನು ತೋರಿಸಿದ್ದು ಮೇಲೆ ಹೇಳಿದ ಪ್ರಯೋಗಗಳ ದೊಡ್ಡ ಇಲಿಗಳಲ್ಲೂ (ರ‍್ಯಾಟ್) ಅಲ್ಲ, ಮನುಷ್ಯರಲ್ಲೂ ಅಲ್ಲ, ಚಿಕ್ಕಿಲಿಗಳಲ್ಲಿ (ಮೌಸ್). ವಯಸ್ಕ ಮನುಷ್ಯರ ಹಿಪ್ಪೊಕ್ಯಾಂಪಸ್‌ನಲ್ಲಿ ಹೊಸ ಕೋಶಗಳು ಹುಟ್ಟುತ್ತವೆಯೇ ಎಂಬ ಪ್ರಶ್ನೆಗೆ 2018ರಲ್ಲಿ ಕೆಲವೇ ವಾರಗಳ ಅಂತರದಲ್ಲಿ ಎರಡು ತಂಡಗಳು ಒಂದಕ್ಕೊಂದು ವಿರುದ್ಧವಾದ ಉತ್ತರ ಪ್ರಕಟಿಸಿದವು. ವಿಜ್ಞಾನಿಗಳು ಜಗಳವಾಡುತ್ತಿರುವಾಗ ಅದನ್ನು ಜಗಳವೆಂದೇ ಬರೆಯುವುದು ಪತ್ರಿಕೆಯ ಧರ್ಮ.

ಇಷ್ಟೆಲ್ಲ ಕೆದಕುವುದೇಕೆ, ಜನ ನಾಲ್ಕು ಹೆಜ್ಜೆ ನಡೆದರೆ ಒಳ್ಳೆಯದೇ ಅಲ್ಲವೇ ಎಂದು ನೀವು ಕೇಳಬಹುದು. ಒಳ್ಳೆಯದೇ. ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಬಿರುಸಿನ ಚಟುವಟಿಕೆ ಇರಲೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದನ್ನು ನಾನೂ ಎಲ್ಲರಿಗೂ ಹೇಳುತ್ತೇನೆ. ನನ್ನ ಆತಂಕ ಬೇರೆ. ನನ್ನ ವಿದ್ಯಾರ್ಥಿನಿಯಾಗಿದ್ದ ಒಬ್ಬ ಕಿರಿಯ ವೈದ್ಯೆ ಸಾಲುಸಾಲು ರಾತ್ರಿ ಪಾಳಿಗಳಿಂದ ಬಸವಳಿದು, ಪಾಳಿ ಬದಲಿಸಿಕೊಡಿ ಎಂದು ತಾನು ದುಡಿಯುವ ಆಸ್ಪತ್ರೆಯಲ್ಲಿ ಕೇಳಿಕೊಂಡಳು. ಪಾಳಿ ಬದಲಾಗಲಿಲ್ಲ. ಬದಲಿಗೆ ದಿನವೂ ಎಷ್ಟು ಹೆಜ್ಜೆ ನಡೆದಳೆಂದು ಮೊಬೈಲ್‌ನಲ್ಲಿ ದಾಖಲಿಸುವ ‘ಒತ್ತಡ ನಿರ್ವಹಣೆ’ ಕಾರ್ಯಕ್ರಮಕ್ಕೆ ಅವಳ ಹೆಸರು ಸೇರಿತು. ಇರುಳಿಡೀ ವಾರ್ಡಿನಿಂದ ವಾರ್ಡಿಗೆ ಓಡಾಡಿ ಬಂದವಳು ನಿದ್ದೆಯ ಹೊತ್ತನ್ನು ಕಡಿದು ಹೆಜ್ಜೆ ಎಣಿಸಬೇಕಾಯಿತು. ಎಣಿಕೆ ಕಡಿಮೆಯಾದ ದಿನ ನೆನಪಿಸುವ ಸಂದೇಶ ಬರುತ್ತಿತ್ತು. ಇದು ಗಾಯದ ಮೇಲೆ ಬರೆ.

ಪ್ರಯೋಗಾಲಯದಲ್ಲಿ ಆಘಾತ ಕೊಟ್ಟವರು ಅದನ್ನು ನಿಲ್ಲಿಸಿದರು. ನಿಂತ ಮೇಲೆ ಇಲಿ ಹೇಗಿದೆ ಎಂದು ನೋಡಿದರು. ದಿನವೂ ಮುಂದುವರಿಯುವ ದುಡಿಮೆಯ ಹೊರೆಯನ್ನು ತಗ್ಗಿಸಬೇಕಿಲ್ಲ, ಓಡಿದರೆ ಸಾಕು ಎಂಬುದಕ್ಕೆ ಆ ಪ್ರಯೋಗದಲ್ಲಿ ಯಾವ ಆಧಾರವೂ ಇಲ್ಲ. ಮೇಯರ್ ಅವರ ದಶಕಗಳ ಕೆಲಸ ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ: ಅಷ್ಟೇ ಪ್ರಮಾಣದ ಆಘಾತವನ್ನು ತನ್ನ ಪ್ರಯತ್ನದಿಂದ ನಿಲ್ಲಿಸಬಲ್ಲ ಪ್ರಾಣಿ ಕೈಚೆಲ್ಲಿ ಕೂರುವುದಿಲ್ಲ. ಹಿಡಿತ ಕೈಗೆ ಸಿಕ್ಕರೆ ಮಿದುಳು ತಾನೇ ಸಂಭಾಳಿಸಿಕೊಳ್ಳುತ್ತದೆ. ಆ ವೈದ್ಯೆ ಕೇಳಿದ್ದು ಅದನ್ನೇ, ಪಾಳಿಯ ಮೇಲೆ ಚೂರು ಹಿಡಿತವನ್ನು. ಹಿಡಿತ ಕೊಡದೆ ಹೆಜ್ಜೆ ಎಣಿಸುವವರು ಫ್ಲೆಶ್ನರ್ ಅವರ ಹೆಸರನ್ನು ಎತ್ತಬಾರದು, ನಿಮ್ಮ ಲೇಖನವನ್ನು ಸೂಚನಾ ಫಲಕಕ್ಕೆ ಅಂಟಿಸಲೂ ಬಾರದು.

ಆದ್ದರಿಂದ ಒಂದು ಕೋರಿಕೆ. ಇದೇ ಪುಟದಲ್ಲಿ ಮುಂದುವರಿದ ಲೇಖನವೊಂದನ್ನು ಪ್ರಕಟಿಸಿ. ಪ್ರಯೋಗ ನಡೆದದ್ದು ಯಾವ ಪ್ರಾಣಿಯ ಮೇಲೆ, ಎಷ್ಟು ವಾರ, ಯಾವ ಬಗೆಯ ಓಟ ಎಂಬುದು ಅದರ ಮೊದಲ ಪ್ಯಾರಾದಲ್ಲೇ ಇರಲಿ. ಈ ಸರಣಿಯ 2003ರ ಪ್ರಯೋಗ ಗಂಡು ಇಲಿಗಳ ಮೇಲೆ ನಡೆದದ್ದು ಎಂಬುದನ್ನೂ ಬರೆಯಿರಿ. ನಿಮ್ಮ ಓದುಗರಲ್ಲಿ ಹೆಂಗಸರೂ ಇದ್ದಾರೆ. ಜೊತೆಗೆ ದುಡಿಮೆಯ ಅವಧಿ, ಪಾಳಿ ಮತ್ತು ನಿದ್ದೆಯ ವಿಷಯ ಬಲ್ಲ ವೈದ್ಯರೊಬ್ಬರನ್ನು ಮಾತನಾಡಿಸಿ. ಜಾಗ ಸಾಲದಿದ್ದರೆ ಓಡುತ್ತಿರುವ ತರುಣಿಯ ಆ ದೊಡ್ಡ ಚಿತ್ರವನ್ನು ಚಿಕ್ಕದು ಮಾಡಿ.

ಇಂತಿ,
ನಿವೃತ್ತ ಶರೀರಕ್ರಿಯಾ ವಿಜ್ಞಾನ ಪ್ರಾಧ್ಯಾಪಕಿ