ಶಂಕರ್‌ನಾಗ್ ಪುಣ್ಯತಿಥಿಗೆ ರೀಲು ಡಬ್ಬಿಗಳನ್ನು ಹುಡುಕೋಣ

ಮಾನ್ಯ ಸಂಪಾದಕರೆ,

ನಮ್ಮ ಹೊನ್ನಾವರ ತಾಲೂಕಿನಲ್ಲಿ ಹುಟ್ಟಿದ ಶಂಕರ್‌ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಅಪಘಾತಕ್ಕೀಡಾಗಿ ತೀರಿಕೊಂಡಾಗ ವಯಸ್ಸು ಬರೀ 35. ಪ್ರತಿವರ್ಷ ಆ ದಿನ ಆಟೋ ನಿಲ್ದಾಣಗಳಲ್ಲಿ ಭಾವಚಿತ್ರಕ್ಕೆ ಮಾಲೆ ಬೀಳುತ್ತದೆ, ಬೀಳಬೇಕಾದ್ದೇ. ಆದರೆ ‘ಮಿಂಚಿನ ಓಟ’, ‘ಗೀತಾ’, ‘ಆಕ್ಸಿಡೆಂಟ್’, ‘ಒಂದು ಮುತ್ತಿನ ಕಥೆ’ ಮಾಡಿದ ನಿರ್ದೇಶಕನಿಗೆ ಮಾಲೆಯೊಂದೇ ಸಾಲದು. ಅವೆಲ್ಲ ಫಿಲ್ಮಿನ ಮೇಲೆ ತಯಾರಾದವು. ನಮ್ಮ ಕರಾವಳಿಯ ಹವೆಯಲ್ಲಿ ಫಿಲ್ಮಿಗೆ ಆಯುಷ್ಯ ಕಡಿಮೆ.

ಪ್ರದರ್ಶನ ಮುಗಿದ ಮೇಲೆ ಪ್ರಿಂಟು, ಅಂದರೆ ಟಾಕೀಸಿನಲ್ಲಿ ಓಡಿಸುವ ಪ್ರತಿ, ಹಂಚಿಕೆದಾರರಿಗೆ ವಾಪಸ್ ಹೋಗುವುದು ಕ್ರಮ. ಹಾಗಿದ್ದರೂ ಹರಿದ ರೀಲು, ಟ್ರೇಲರು, ಕೊನೆಯ ಸುತ್ತು ಓಡಿದ ಹಳೆ ಪ್ರಿಂಟು ಅಲ್ಲಲ್ಲೇ ಉಳಿದದ್ದುಂಟು. ಡಿಜಿಟಲ್ ಬಂದ ಮೇಲಂತೂ ಕೇಳುವವರೇ ಇಲ್ಲ. ಭಟ್ಕಳದಿಂದ ಕಾರವಾರದವರೆಗೆ, ಘಟ್ಟದ ಮೇಲೆ ಶಿರಸಿಯಲ್ಲೂ, ಬಾಗಿಲು ಹಾಕಿದ ಟಾಕೀಸುಗಳ ಮಾಲೀಕರು, ಹಳೆ ಆಪರೇಟರುಗಳು ತಮ್ಮ ಪ್ರೊಜೆಕ್ಟರ್ ಕೋಣೆ, ಅಟ್ಟ, ಗೋದಾಮುಗಳನ್ನು ಒಮ್ಮೆ ನೋಡಬೇಕೆಂದು ವಿನಂತಿ. ಗುಜರಿಗೆ ಮಾತ್ರ ಹಾಕಬೇಡಿ.

ಆ ಕಾಲದ ಪ್ರಿಂಟುಗಳು ಬಹುತೇಕ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫಿಲ್ಮು. ತೇವ ಮತ್ತು ಸೆಕೆ ಸೇರಿದರೆ ಅದರೊಳಗೇ ಅಸಿಟಿಕ್ ಆಮ್ಲ ಹುಟ್ಟುತ್ತದೆ. ಹುಟ್ಟಿದ ಆಮ್ಲವೇ ಕೊಳೆತವನ್ನು ಇನ್ನಷ್ಟು ಬೇಗ ನಡೆಸುತ್ತದೆ. ಡಬ್ಬಿ ತೆರೆದೊಡನೆ ವಿನೆಗರಿನ ಹುಳಿ ವಾಸನೆ ಮೂಗಿಗೆ ಹೊಡೆದರೆ ರೋಗ ಹತ್ತಿದೆ ಎಂದರ್ಥ. ಆ ಹಬೆ ಪಕ್ಕದ ಡಬ್ಬಿಗಳಿಗೂ ತಗಲುವುದರಿಂದ ವಾಸನೆ ಬರುವವನ್ನು ಮೊದಲು ಬೇರೆ ಕೋಣೆಗೆ ಸರಿಸಿ. ಮುಂದೆ ಫಿಲ್ಮು ಕುಗ್ಗಿ, ಅಂಚು ಅಲೆಅಲೆಯಾಗುತ್ತದೆ. ಶೇ 1ರಷ್ಟು ಕುಗ್ಗಿದರೂ ಅಂಚಿನ ತೂತುಗಳು ಪ್ರೊಜೆಕ್ಟರಿನ ಹಲ್ಲಿಗೆ ಸರಿಯಾಗಿ ಕೂರದೆ ಹರಿಯುತ್ತವೆ. ‘ಒಮ್ಮೆ ಓಡಿಸಿ ನೋಡೋಣ’ ಎಂಬ ಉಮೇದಿಯಲ್ಲೇ ಪ್ರಿಂಟು ಹಾಳಾಗುವುದು. ದಯವಿಟ್ಟು ಓಡಿಸಬೇಡಿ, ರಭಸದಿಂದ ಸುತ್ತಲೂ ಬೇಡಿ.

ಬೂಷ್ಟು ಹಿಡಿದಿದ್ದರೆ ಒದ್ದೆ ಬಟ್ಟೆ ತಾಗಿಸಬಾರದು. ಚಿತ್ರವಿರುವುದು ಜಿಲೆಟಿನ್ ಪದರದಲ್ಲಿ, ನೀರು ತಾಗಿದರೆ ಅದು ಉಬ್ಬಿ ಎದ್ದು ಬರುತ್ತದೆ. ಬಿಸಿಲಿಗೆ ಒಣಗಿಸುವುದು, ನುಸಿಗುಳಿಗೆ (ನ್ಯಾಫ್ತಲಿನ್ ಉಂಡೆ) ಇಡುವುದು, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟುವುದು, ಎಲ್ಲವೂ ಕೇಡೇ. ಡಬ್ಬಿಯ ಹೊರಮೈ ಒಣ ಬಟ್ಟೆಯಲ್ಲಿ ಒರೆಸಿ, ಮಲಗಿಸಿ, ಒಂದರ ಮೇಲೊಂದು ಐದಾರಕ್ಕಿಂತ ಹೆಚ್ಚು ಪೇರಿಸದೆ, ಗಾಳಿಯಾಡುವ ತಂಪು ಕೋಣೆಯಲ್ಲಿ ನೆಲದಿಂದ ಎತ್ತರಕ್ಕೆ ಇಡಿ. ತಗಡಿನ ಮಾಡಿನ ಕೆಳಗೆ ಬೇಡ.

ಸಾವಿರ ಅಡಿಯ ರೀಲೆಂದರೆ 11 ನಿಮಿಷ. ಎರಡೂವರೆ ತಾಸಿನ ಚಿತ್ರಕ್ಕೆ ಇಂಥವು ಸುಮಾರು 14 ಬೇಕು. ನಿಮ್ಮಲ್ಲಿ ಮೂರೇ ಸಿಕ್ಕವೆಂದು ಬಿಸಾಡಬೇಡಿ. ಬಣ್ಣ ಹೋಗಿ ಕೆಂಪಗಾಗಿದೆ ಎಂದೂ ಬಿಸಾಡಬೇಡಿ. ಫಿಲ್ಮಿನ ಮೂರು ಬಣ್ಣಗಳಲ್ಲಿ ಎರಡು ಮಾಸಿ ಮಜೆಂಟಾ (ನೇರಳೆಗೆಂಪು) ಮಾತ್ರ ನಿಂತಿರುತ್ತದೆ, ಆದರೆ ಅಂಚಿನಲ್ಲಿ ಗೆರೆಯಾಗಿ ಓಡುವ ಧ್ವನಿಪಟ್ಟಿ ಚೆನ್ನಾಗಿಯೇ ಇರಬಹುದು. ಅನಂತನಾಗ್ ನಟಿಸಿದ, ಶ್ಯಾಮ್ ಬೆನಗಲ್ ಅವರ ‘ಮಂಥನ್’ ಪುನರುಜ್ಜೀವನಗೊಂಡು 2024ರಲ್ಲಿ ಕಾನ್ ಚಿತ್ರೋತ್ಸವ ಮುಟ್ಟಿತಲ್ಲ, ಅದಕ್ಕೆ ಚಿತ್ರವನ್ನು ಮೂಲ ನೆಗೆಟಿವ್‌ನಿಂದ ತೆಗೆದರೂ ಧ್ವನಿ ಬಂದದ್ದು ಥಿಯೇಟರಿಗೆ ಹೋಗುವಂಥ ಒಂದು ಪ್ರಿಂಟಿನಿಂದಲೇ.

ಶಂಕರ್‌ನಾಗ್ ಚಿತ್ರವೇ ಸಿಗಬೇಕೆಂದಿಲ್ಲ, ಯಾವ ಕನ್ನಡ ಚಿತ್ರದ ರೀಲಾದರೂ ಸರಿ. ಡಬ್ಬಿಯ ಮೇಲಿನ ಹೆಸರು, ರೀಲಿನ ಸಂಖ್ಯೆ, ವಾಸನೆ ಇದೆಯೋ ಇಲ್ಲವೋ ಎಂಬುದನ್ನು ಬರೆದು, ಫೋಟೊ ತೆಗೆದು, ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಕಳಿಸಬಹುದು. ಪುಣ್ಯತಿಥಿಯಂದು ಹುಡುಕಾಟ ಶುರುಮಾಡಿದರೆ ಅವರ ಜನ್ಮದಿನವಾದ ನವೆಂಬರ್ 9ಕ್ಕೆ ನಡುವೆ 40 ದಿನ ಸಿಗುತ್ತದೆ, ಜಿಲ್ಲೆಯಲ್ಲಿ ಸಿಕ್ಕ ರೀಲುಗಳ ಪಟ್ಟಿ ಮಾಡಲು ಅಷ್ಟು ಸಾಕು. ಮಳೆಗಾಲದ ತೇವ ಪೂರ್ತಿ ಆರುವವರೆಗೆ ಸುರುಳಿಗಳನ್ನು ಬಿಚ್ಚುವುದು ಬೇಡ. ಆ ಕೆಲಸ ಡಿಸೆಂಬರ್ ಚಳಿಯಲ್ಲಿ ಆಗಲಿ, ಹತ್ತಿಯ ಕೈಗವಸು ಹಾಕಿಕೊಂಡು, ಅಂಚು ಮಾತ್ರ ಹಿಡಿದು.

– ಚಿತ್ರಾಸಕ್ತರು, ಹೊನ್ನಾವರ