ಆಯ್ಕೆ ಪಟ್ಟಿ ಮೊದಲು ಮಕ್ಕಳೇ ಬರೆಯಲಿ: ದ್ವಿತೀಯ ಪಿಯು ಪೋಷಕರಿಗೆ ಪತ್ರ

ದ್ವಿತೀಯ ಪಿಯು ವಿಜ್ಞಾನ ವಿಭಾಗದ ಎಲ್ಲ ಪೋಷಕರಿಗೆ ನಮಸ್ಕಾರ.

ಹೋದ ವಾರ ಮಕ್ಕಳ ಕೈಯಲ್ಲಿ ಒಂದು ಹಾಳೆ ಮನೆಗೆ ಬಂದಿದೆ. ಮೇಲೆ ‘ನನ್ನ ಪಟ್ಟಿ’ ಅಂತ ಇದೆ, ಕೆಳಗೆ 10 ಖಾಲಿ ಸಾಲುಗಳಿವೆ. ಪಿಯು ಆದ ಮೇಲೆ ಏನು ಓದಬೇಕು, ಎಲ್ಲಿ ಓದಬೇಕು ಅನ್ನುವುದನ್ನು ಮಕ್ಕಳು ತಮ್ಮ ಇಷ್ಟದ ಕ್ರಮದಲ್ಲಿ, ತಮ್ಮ ಕೈಯಲ್ಲೇ ಬರೆಯಬೇಕು. ಬರೆದ ಮೇಲೆ ಒಂದು ವಾರ ಮನೆಯವರು ಅದನ್ನು ತಿದ್ದಬಾರದು. ಇಷ್ಟೇ ನಾವು ಕೊಟ್ಟ ಸೂಚನೆ. ಇದರಿಂದ ನಿಮ್ಮಲ್ಲಿ ಕೆಲವರಿಗೆ ಬೇಸರವಾಗಿದೆ. ಸೋಮವಾರ ಏಳೆಂಟು ಜನ ಆಫೀಸಿಗೇ ಬಂದು ಮಾತಾಡಿದಿರಿ. ಕೆಲವರು ಫೋನ್ ಮಾಡಿದಿರಿ. ಬಂದು ಹೇಳಿದ್ದು ಒಳ್ಳೆಯದೇ ಆಯಿತು. ಆ ದಿನ ಗಡಿಬಿಡಿಯಲ್ಲಿ ನನಗೆ ಪೂರ್ತಿ ಉತ್ತರ ಕೊಡಲು ಆಗಲಿಲ್ಲ. ಈಗ ಕೊಡುತ್ತೇನೆ.

ಒಬ್ಬ ತಂದೆ ಹೀಗೆ ಕೇಳಿದರು: ‘ಹದಿನೇಳು ವರ್ಷದ ಹುಡುಗನಿಗೆ ಏನು ಗೊತ್ತಾಗುತ್ತೆ ಮೇಡಂ? ಫೀಸು ಕಟ್ಟೋರು ನಾವು, ಸಾಲ ತೀರಿಸೋರು ನಾವು. ಪಟ್ಟಿ ಮಾಡುವಾಗ ಮಾತ್ರ ನಾವು ಬೇಡ್ವಾ?’

ಅವರ ಪ್ರಶ್ನೆ ಸರಿಯಾಗಿಯೇ ಇದೆ. ಕೊಳೆ ರೋಗ ಬಂದು ಅರ್ಧ ಅಡಿಕೆ ಫಸಲು ಉದುರಿದ ವರ್ಷವೂ ಫೀಸು ತಪ್ಪಿಸದ ಮನೆಗಳು ನಮ್ಮಲ್ಲಿವೆ. ಬೆಳಿಗ್ಗೆ ಆರರ ಬಸ್ಸಿಗೆ ಮಗಳನ್ನು ಹತ್ತಿಸಲು ದಿನಾ ಎರಡು ಕಿಲೋಮೀಟರ್ ಟಾರ್ಚ್ ಹಿಡಿದು ನಡೆದು ಬರುವ ತಾಯಂದಿರಿದ್ದಾರೆ. ನಿಮ್ಮನ್ನು ಹೊರಗಿಡುವ ಯೋಚನೆ ನಮಗೆ ಇಲ್ಲ. ಪಟ್ಟಿಯನ್ನು ನೀವು ನೋಡಬೇಕು, ಅದರ ಬಗ್ಗೆ ಮಾತಾಡಬೇಕು, ಬೇಕಾದರೆ ಜಗಳವನ್ನೂ ಆಡಬೇಕು. ಆದರೆ ಮೊದಲು ಮಕ್ಕಳು ಬರೆಯಲಿ, ಆಮೇಲೆ ನೀವು ಬನ್ನಿ. ನಾವು ಕೇಳುತ್ತಿರುವುದು ಒಂದೇ ಒಂದು ವಾರ.

ಈ ನಿಯಮ ಯಾಕೆ ಬಂತು ಅಂತ ಹೇಳಿಬಿಡುತ್ತೇನೆ. ನಮ್ಮ ಹಿಂದಿನ ಬ್ಯಾಚಿನಲ್ಲಿ ಒಬ್ಬ ಹುಡುಗನಿದ್ದ. ಅವನಿಗೆ ಸೇತುವೆ, ಅಣೆಕಟ್ಟು ಅಂದರೆ ಪ್ರಾಣ. ಅಂಬಾರಗೋಡ್ಲಿನ ಹತ್ತಿರ ಶರಾವತಿ ಹಿನ್ನೀರಿಗೆ ಸೇತುವೆ ಕಟ್ಟುವಾಗ ರಜೆ ಸಿಕ್ಕಿದಾಗಲೆಲ್ಲ ಹೋಗಿ ನೋಡಿ ಬರುತ್ತಿದ್ದ. ಕೇಬಲ್ ಹೇಗೆ ಭಾರ ಹೊರುತ್ತದೆ ಅಂತ ಭೌತಶಾಸ್ತ್ರದ ಮೇಷ್ಟ್ರ ಹತ್ತಿರ ಗಂಟೆಗಟ್ಟಲೆ ಚರ್ಚೆ ಮಾಡುತ್ತಿದ್ದ. 2025ರ ಜುಲೈಯಲ್ಲಿ ಆ ಸೇತುವೆ ಸಂಚಾರಕ್ಕೆ ತೆರೆಯಿತು. ಅದೇ ದಿನಗಳಲ್ಲಿ ಸಿಇಟಿ (ಸಾಮಾನ್ಯ ಪ್ರವೇಶ ಪರೀಕ್ಷೆ) ಆಯ್ಕೆ ದಾಖಲಿಸುವ, ಅಂದರೆ ಬೇಕಾದ ಕೋರ್ಸು, ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಆನ್‌ಲೈನ್ ತುಂಬುವ ಕೆಲಸವೂ ನಡೆಯುತ್ತಿತ್ತು. ಅವನ ಪಟ್ಟಿಯನ್ನು ಸೈಬರ್ ಸೆಂಟರಿನಲ್ಲಿ ಕೂತು ಅವನ ಮಾವ ತುಂಬಿದರು. ಪ್ರೀತಿಯಿಂದಲೇ ತುಂಬಿದರು, ಅದರಲ್ಲಿ ಅನುಮಾನ ಇಲ್ಲ. ಮೊದಲ 40 ಸಾಲೂ ಕಂಪ್ಯೂಟರ್ ಸೈನ್ಸ್, ಅದರ ಅಕ್ಕಪಕ್ಕದ ಕೋರ್ಸುಗಳು. ಸಿವಿಲ್ ಎಲ್ಲೋ ಕೊನೆಯಲ್ಲಿತ್ತು. ಮೊದಲ ಸುತ್ತಿನಲ್ಲಿ 29ನೇ ಸಾಲಿನ ಸೀಟು ಸಿಕ್ಕಿತು. ಮನೆಯಲ್ಲಿ ಯಾರೂ ಕಾಲಿಡದ ಊರು, ಯಾರೂ ನೋಡದ ಕಾಲೇಜು. ಹಿಂದಿನ ವರ್ಷದ ಕಟಾಫ್ ನೋಡಿದರೆ, ಅವನ ರ‍್ಯಾಂಕಿಗೆ ಅವನು ಬಯಸಿದ್ದ ಸಿವಿಲ್ ಸೀಟು ಆರಾಮಾಗಿ ಸಿಗುವಂತಿತ್ತು. ಎರಡನೇ ಸುತ್ತಿಗೆ ಮೊದಲು ಅವನು ಕಾಲೇಜಿಗೆ ಬಂದು ನನ್ನ ಮುಂದೆ ಕೂತು ಅತ್ತ. ಅಷ್ಟು ಹೊತ್ತಿಗೆ ಮಾಡುವಂಥದ್ದು ಏನೂ ಉಳಿದಿರಲಿಲ್ಲ.

ಯಾಕೆ ಉಳಿದಿರಲಿಲ್ಲ ಅನ್ನುವುದನ್ನು ದಯವಿಟ್ಟು ಗಮನವಿಟ್ಟು ಓದಿ. ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸೀಟು ಹಂಚುವಾಗ ನಿಮ್ಮ ಮಗುವಿನ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತದೆ. ಆ ರ‍್ಯಾಂಕಿಗೆ, ಆ ವರ್ಗಕ್ಕೆ ಮೇಲಿನಿಂದ ಮೊದಲು ಯಾವ ಸೀಟು ಖಾಲಿ ಸಿಗುತ್ತದೋ ಅದನ್ನೇ ಕೊಡುತ್ತದೆ. ಸಿಕ್ಕ ಸೀಟಿಗಿಂತ ಕೆಳಗಿನ ಆಯ್ಕೆಗಳು ಮುಂದಿನ ಸುತ್ತಿಗೆ ಹೋಗುವುದಿಲ್ಲ. ಮೇಲಿನವು ಮಾತ್ರ ಉಳಿಯುತ್ತವೆ. ಅಂದರೆ 29ನೇ ಸಾಲಿನದು ಸಿಕ್ಕ ಮೇಲೆ 43ನೇ ಸಾಲಿನಲ್ಲಿ ಬರೆದದ್ದು ಇದ್ದೂ ಇಲ್ಲದ ಹಾಗೆ. ‘ಸುಮ್ನೆ ಹಾಕಿರೋಣ, ಇರಲಿ’ ಅಂತ ಮೇಲೆ ಹಾಕಿದ ಒಂದು ಕಾಲೇಜು ಕೆಳಗೆ ಇರುವ ಆಸೆಯನ್ನು ನುಂಗಿಬಿಡುತ್ತದೆ. ಇನ್ನು ‘ಮೇಲೆ ದೊಡ್ಡ ಕಾಲೇಜು ಹಾಕಿದರೆ ಚಿಕ್ಕದೂ ಕೈತಪ್ಪುತ್ತೆ’ ಅಂತ ಕೆಲವರು ಹೆದರುತ್ತೀರಿ. ಹಾಗೆ ಆಗುವುದಿಲ್ಲ. ಮೇಲಿನದು ಸಿಗದಿದ್ದರೆ ಕೆಇಎ ಕೆಳಗಿನದನ್ನು ನೋಡುತ್ತದೆ, ಅಷ್ಟೇ. ಹಾಗಾಗಿ ಎಷ್ಟು ಕಾಲೇಜು ಹಾಕಿದ್ದೀರಿ ಅನ್ನುವುದಕ್ಕಿಂತ ಯಾವ ಕ್ರಮದಲ್ಲಿ ಹಾಕಿದ್ದೀರಿ ಅನ್ನುವುದೇ ಮುಖ್ಯ. ಆ ಕ್ರಮ ಯಾರ ಮನಸ್ಸಿನದು ಅನ್ನುವುದು ಅದಕ್ಕೇ ಇಷ್ಟು ದೊಡ್ಡ ವಿಷಯ.

ಆ ಹುಡುಗ ಈಗ ಓದುತ್ತಿದ್ದಾನೆ. ಒಳ್ಳೆಯ ಹುಡುಗ, ಕಷ್ಟಪಡುತ್ತಾನೆ. ದಸರಾ ರಜೆಯಲ್ಲಿ ಬಂದಿದ್ದ. ಕಾಲೇಜು ಹೇಗಿದೆ ಅಂತ ಕೇಳಿದೆ. ಮಾತು ಬದಲಿಸಿದ. ಅವನ ಮನೆಯವರನ್ನು ನಾನು ದೂರುವುದಿಲ್ಲ. ಎರಡು ವರ್ಷ ನಮ್ಮ ಕಣ್ಣ ಮುಂದೆ ಇದ್ದ ಹುಡುಗ. ‘ನಿನ್ನ ಪಟ್ಟಿ ತೋರಿಸು’ ಅಂತ ನಾವೂ ಒಂದು ಸಲ ಕೇಳಿರಲಿಲ್ಲ. ಈ ವರ್ಷ ಕೇಳುತ್ತಿದ್ದೇವೆ.

ಈಗ ಬರೆಯುವ ಹಾಳೆ ಕೆಇಎ ಪಟ್ಟಿ ಅಲ್ಲ. ಇದು ಬರೀ ಕಾಗದ. ಸಿಇಟಿ ಏಪ್ರಿಲ್ ಹೊತ್ತಿಗೆ, ರ‍್ಯಾಂಕು ಅದರ ನಂತರ, ಆಯ್ಕೆ ದಾಖಲಿಸುವುದು ಅದಕ್ಕೂ ಆಮೇಲೆ. ಅಷ್ಟರಲ್ಲಿ ಪಟ್ಟಿ ಹತ್ತು ಸಲ ಬದಲಾಗಬಹುದು. ಅಣಕು ಹಂಚಿಕೆ (ಯಾವ ಸೀಟು ಸಿಗಬಹುದು ಅಂತ ಮೊದಲೇ ತೋರಿಸುವುದು) ಆದ ಮೇಲೂ ಬದಲಾಯಿಸಲು ಅವಕಾಶ ಇರುತ್ತದೆ. ಹಾಗಿದ್ದ ಮೇಲೆ ಈಗಲೇ ಯಾಕೆ ಅಂತ ಕೇಳುತ್ತೀರಿ. ಜೂನ್, ಜುಲೈ ಹೊತ್ತಿಗೆ ಎಲ್ಲರ ಮನೆಯಲ್ಲೂ ಗಾಬರಿ ಇರುತ್ತದೆ. ಮೂರು ದಿನದೊಳಗೆ ತುಂಬಬೇಕು, ಸರ್ವರ್ ಬಿಜಿ, ಪಕ್ಕದ ಮನೆಯವರು ಏನು ಹಾಕಿದರು, ಅಣ್ಣನ ಫ್ರೆಂಡ್ ಏನು ಹೇಳಿದ. ಆ ಗದ್ದಲದಲ್ಲಿ ಮಗುವಿನ ದನಿ ಕೇಳಿಸುವುದಿಲ್ಲ. ಈಗ ಮನೆ ಶಾಂತವಾಗಿದೆ. ಈಗ ಕೇಳಿದರೆ ಹೇಳುತ್ತಾರೆ.

ಒಂದು ಕೆಲಸ ಮಾತ್ರ ಪಟ್ಟಿ ಬರೆಯುವ ಮೊದಲೇ ನೀವು ಮಾಡಬೇಕು. ಮನೆಯ ಹಣಕಾಸಿನ ವಿಷಯವನ್ನು ಮಗುವಿನ ಹತ್ತಿರ ಬಿಚ್ಚಿ ಮಾತಾಡಿ. ವರ್ಷಕ್ಕೆ ಇಷ್ಟು ಕಟ್ಟಬಲ್ಲೆವು, ಇದಕ್ಕಿಂತ ಜಾಸ್ತಿ ಆಗಲ್ಲ ಅಂತ ನೇರವಾಗಿ ಹೇಳಿ. ಒಂದೇ ಕಾಲೇಜಿನ ಒಂದೇ ಕೋರ್ಸಿಗೆ ಸರ್ಕಾರಿ ಕೋಟಾದಲ್ಲಿ ಒಂದು ಫೀಸು, ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಕಾಮೆಡ್‌ಕೆಯಲ್ಲಿ ಇನ್ನೊಂದು, ಮ್ಯಾನೇಜ್‌ಮೆಂಟಿನಲ್ಲಿ ಮತ್ತೊಂದು. ಮಕ್ಕಳಿಗೆ ನೋವಾಗುತ್ತೆ ಅಂತ ನೀವು ಮುಚ್ಚಿಡುತ್ತೀರಿ. ಆಮೇಲೆ ಪಟ್ಟಿ ನೋಡಿ ‘ಇದು ಆಗಲ್ಲ’ ಅಂದಾಗ ಅವರಿಗೆ ಆಗುವ ನೋವು ಇನ್ನೂ ದೊಡ್ಡದು. ಹದಿನೇಳರ ಮಕ್ಕಳಿಗೆ ಮನೆ ಕಷ್ಟ ಅರ್ಥವಾಗುತ್ತದೆ. ನಾನು ಪ್ರತಿ ವರ್ಷ ಕಂಡಿದ್ದೇನೆ.

ಇನ್ನು ಡಿಸೆಂಬರ್ 20ರ ಶನಿವಾರದ ವಿಷಯ. ಆ ದಿನ ಮಕ್ಕಳನ್ನು ಮೂರು ಕಡೆ ಕರೆದುಕೊಂಡು ಹೋಗುತ್ತೇವೆ. ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ, ಶಿವಮೊಗ್ಗದಲ್ಲಿ ಒಂದು ಎಂಜಿನಿಯರಿಂಗ್ ಕಾಲೇಜು, ಕೊನೆಗೆ ಬಿಎಸ್ಸಿ ಓದಿಸುವ ಸಹ್ಯಾದ್ರಿ ವಿಜ್ಞಾನ ಕಾಲೇಜು. ಇದಕ್ಕೂ ಎರಡು ಆಕ್ಷೇಪ ಬಂದಿದೆ. ಪೂರ್ವಸಿದ್ಧತಾ ಪರೀಕ್ಷೆ ಹತ್ತಿರ ಇರುವಾಗ ಒಂದು ದಿನ ಹಾಳು ಅನ್ನುವುದು ಒಂದು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕಕ್ಕೆ ಅರ್ಧ ತೂಕ, ಸಿಇಟಿಗೆ ಅರ್ಧ ತೂಕ ಇದೆ ಅನ್ನುವುದು ನಮಗೂ ಗೊತ್ತು. ಆ ಒಂದು ದಿನದ ಪಾಠವನ್ನು ಮುಂದಿನ ಎರಡು ಭಾನುವಾರ ಬೆಳಿಗ್ಗೆ ಮಾಡಿ ಮುಗಿಸುತ್ತೇವೆ. ಎರಡನೆಯದು, ‘ನಾವು ಬಿಎಸ್ಸಿ ಮಾಡಿಸೋಕೆ ಇಷ್ಟು ಕಷ್ಟಪಟ್ಟಿಲ್ಲ, ಅಲ್ಲಿಗೆ ಯಾಕೆ ಕರ್ಕೊಂಡು ಹೋಗ್ತೀರಿ?’

ಈ ಮಾತು ನನಗೆ ನೋವು ಕೊಟ್ಟಿತು, ಮುಚ್ಚಿಡುವುದಿಲ್ಲ. ನಾನೂ ಬಿಎಸ್ಸಿ, ಎಂಎಸ್ಸಿ ಮಾಡಿದವಳು. ನಿಮ್ಮ ಮಕ್ಕಳಿಗೆ ರಸಾಯನಶಾಸ್ತ್ರ, ಗಣಿತ ಹೇಳಿಕೊಡುವವರೆಲ್ಲ ಆ ದಾರಿಯಲ್ಲೇ ಬಂದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಪಿಯು ಆದವರಿಗೆ ನಾಲ್ಕು ವರ್ಷದ ವಿಜ್ಞಾನ ಪದವಿ ಇದೆ. ಕೃಷಿ ಇದೆ, ಶಿರಸಿಯಲ್ಲೂ ಪೊನ್ನಂಪೇಟೆಯಲ್ಲೂ ಅರಣ್ಯ ಶಾಸ್ತ್ರದ ಕಾಲೇಜುಗಳಿವೆ, ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜಿದೆ, ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಇದೆ. ತೋಟದ ನಡುವೆ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಎಷ್ಟು ಜನ ಇರುವಕ್ಕಿಯ ಗೇಟು ದಾಟಿ ಒಳಗೆ ಹೋಗಿದ್ದಾರೆ? ಮೊನ್ನೆ ತರಗತಿಯಲ್ಲಿ ಕೇಳಿದೆ, ಮೂರೇ ಕೈ ಎದ್ದವು. ನೋಡಿ ಬಂದು ‘ಬೇಡ’ ಅಂದರೆ ಸಂತೋಷ. ನೋಡದೆಯೇ ಬೇಡ ಅನ್ನುವುದು ಬೇಡ. ಪ್ರವಾಸ ಇದೆ. ಬಿಎಸ್ಸಿ ಕಾಲೇಜನ್ನು ಬಿಡುವುದಿಲ್ಲ.

ಇದರ ಜೊತೆಗೆ ನೀವೂ ರಜೆಯಲ್ಲಿ ಒಂದೆರಡು ಕಾಲೇಜು ತೋರಿಸಿ. ಬೆಂಗಳೂರು, ಮೈಸೂರು, ದಾವಣಗೆರೆ, ಹಾಸನ, ನೆಂಟರ ಮನೆಗೆ ಹೋದ ಕಡೆಯೇ ಆಗಲಿ. ಅಲ್ಲಿಗೆ ಹೋದಾಗ ಸಾಮಾನ್ಯವಾಗಿ ಏನಾಗುತ್ತೆ ಅಂದರೆ, ಅಪ್ಪ ಆಫೀಸಿನಲ್ಲಿ ಕೂತು ಫೀಸು, ಹಾಸ್ಟೆಲು, ಪ್ಲೇಸ್‌ಮೆಂಟು ಎಲ್ಲ ಕೇಳುತ್ತಾರೆ. ಮಗ ಬಾಗಿಲ ಹತ್ತಿರ ನಿಂತಿರುತ್ತಾನೆ. ವಾಪಸ್ ಬಂದ ಮೇಲೆ ಅವನಿಗೆ ನೆನಪಿರುವುದು ಕ್ಯಾಂಟೀನ್ ಮಾತ್ರ. ಪ್ರಶ್ನೆಯನ್ನು ಅವನೇ ಕೇಳಲಿ. ತಡವರಿಸಲಿ, ಪರವಾಗಿಲ್ಲ. ಗಾಜಿನ ಕಟ್ಟಡ ನೋಡಿ ಮರುಳಾಗಬೇಡಿ. ಬೆಂಗಳೂರಿನ ಯುವಿಸಿಇ ಎಂಜಿನಿಯರಿಂಗ್ ಕಾಲೇಜು 1917ರಲ್ಲಿ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಶುರುವಾದದ್ದು. ಆ ಹಳೇ ಕಲ್ಲಿನ ಕಟ್ಟಡ ನೋಡಿ ‘ಇದೇನು ಹೀಗಿದೆ’ ಅಂತ ವಾಪಸ್ ಬಂದವರನ್ನು ನಾನು ಬಲ್ಲೆ. ಲ್ಯಾಬಿನ ಬಾಗಿಲು ತೆರೆದಿದೆಯಾ, ಯಂತ್ರದ ಮೇಲೆ ಧೂಳಿದೆಯಾ ನೋಡಿ. ಮೂರನೇ ವರ್ಷದ ಇಬ್ಬರು ವಿದ್ಯಾರ್ಥಿಗಳನ್ನು ಹಿಡಿದು ‘ಪಾಠ ಸರಿಯಾಗಿ ಆಗುತ್ತಾ’ ಅಂತ ಕೇಳಿ. ಫ್ಲೆಕ್ಸಿನಲ್ಲಿ ಹಾಕಿರುವ ದೊಡ್ಡ ಪ್ಯಾಕೇಜು ಒಬ್ಬನಿಗೆ ಸಿಕ್ಕದ್ದು. ನಡುವಿನ ಹುಡುಗರಿಗೆ ಎಷ್ಟು ಸಿಕ್ಕಿತು ಅಂತ ವಿಚಾರಿಸಿ.

ಹೆಣ್ಣುಮಕ್ಕಳ ತಾಯಂದಿರಿಗೆ ಒಂದು ಮಾತು. ದೂರ ಕಳಿಸಲು ಭಯ ಅಂತ ನೀವು ಹೇಳಿದ್ದನ್ನು ಕೇಳಿಸಿಕೊಂಡಿದ್ದೇನೆ. ಆ ಭಯ ಸುಳ್ಳಲ್ಲ. ಆದರೆ ಭಯದಿಂದಲೇ ಪಟ್ಟಿ ಮಾಡಬೇಡಿ. ಹಾಸ್ಟೆಲಿಗೆ ಹೋಗಿ, ವಾರ್ಡನ್ ಹತ್ತಿರ ಮಾತಾಡಿ, ಅಲ್ಲೇ ಇರುವ ನಮ್ಮ ಕಡೆಯ ಹುಡುಗಿಯರ ಜೊತೆ ಒಂದು ಗಂಟೆ ಕೂತು ಬನ್ನಿ. ಆಮೇಲೂ ಬೇಡ ಅನ್ನಿಸಿದರೆ ಬೇಡ ಅನ್ನಿ, ನಾನು ಒತ್ತಾಯ ಮಾಡುವುದಿಲ್ಲ.

ಸೀಟು ಕೊಡಿಸುತ್ತೇವೆ ಅನ್ನುವ ಏಜೆಂಟರ ವಿಷಯ. ಫಲಿತಾಂಶ ಬಂದ ದಿನವೇ ನಿಮಗೆ ಫೋನ್ ಬರುತ್ತವೆ. ಕಾಲೇಜಿನಿಂದಲೇ ನಂಬರ್ ಹೋಗಿದೆ ಅಂತ ಇಬ್ಬರು ದೂರಿದ್ದಾರೆ. ನಮ್ಮ ಆಫೀಸಿನಿಂದ ಯಾರಿಗೂ ನಂಬರ್ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಆ ಮಾತು ಇರಲಿ, ಯಾರೇ ಕೇಳಿದರೂ ಮಗುವಿನ ಲಾಗಿನ್, ಪಾಸ್‌ವರ್ಡ್, ಒಟಿಪಿ ಕೊಡಬೇಡಿ. 2024ರಲ್ಲಿ ಎಂಜಿನಿಯರಿಂಗ್ ಸೀಟು ಬ್ಲಾಕಿಂಗ್ (ಸೇರುವ ಉದ್ದೇಶವಿಲ್ಲದೆ ಸೀಟು ಹಿಡಿದಿಡುವ) ದಂಧೆ ಬಗ್ಗೆ ಕೆಇಎ ಪೊಲೀಸರಿಗೆ ದೂರು ಕೊಟ್ಟದ್ದು, ಬಂಧನಗಳಾದದ್ದು ಪತ್ರಿಕೆಗಳಲ್ಲೇ ಬಂದಿದೆ. ಆಯ್ಕೆ ತುಂಬುವ ದಿನಗಳಲ್ಲಿ ನಮ್ಮ ಕಂಪ್ಯೂಟರ್ ಲ್ಯಾಬ್ ಬೆಳಿಗ್ಗೆಯಿಂದ ಸಂಜೆವರೆಗೆ ತೆರೆದಿರುತ್ತದೆ. ಪಿಯು ಮುಗಿದಿದ್ದರೂ ಬನ್ನಿ. ಮಗು ಕಂಪ್ಯೂಟರಿನ ಮುಂದೆ, ನೀವು ಪಕ್ಕದ ಕುರ್ಚಿಯಲ್ಲಿ. ಒಬ್ಬ ಉಪನ್ಯಾಸಕರು ಜೊತೆಗಿರುತ್ತಾರೆ.

ನಿಮ್ಮ ಕೈಯಲ್ಲೇ ಆಗಬೇಕಾದ ಕೆಲಸವೂ ಬೇಕಾದಷ್ಟಿದೆ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಈಗಲೇ ಹೋಗಿ, ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಸರಿಯಾಗಿದೆಯಾ ನೋಡಿಕೊಳ್ಳಿ. 1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ 15%, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5% ಇದೆ. ಅದಕ್ಕೆ ಹಳೇ ಶಾಲೆಯ ವ್ಯಾಸಂಗ ಪ್ರಮಾಣಪತ್ರದ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು. ಶಾಲೆ ಮುಚ್ಚಿಹೋಗಿದ್ದರೆ ಓಡಾಟ ಜಾಸ್ತಿ, ಈಗಲೇ ಶುರು ಮಾಡಿ. ವರ್ಷದ ವರಮಾನ 8 ಲಕ್ಷಕ್ಕಿಂತ ಕಡಿಮೆ ಇರುವವರು ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ, ಅಂದರೆ ನಿಗದಿತ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಇಟ್ಟ) ಸೀಟಿನ ಬಗ್ಗೆ ಆಫೀಸಿನಲ್ಲಿ ಕೇಳಿ. ಅದರಲ್ಲಿ ಬೋಧನಾ ಶುಲ್ಕ ಇರುವುದಿಲ್ಲ.

ಮತ್ತೆ ಆ ಹಾಳೆಯ ವಿಷಯಕ್ಕೆ ಬರುತ್ತೇನೆ. ಸೋಮವಾರ ಬಂದ ಪಟ್ಟಿಗಳಲ್ಲಿ ಆರು ಹಾಳೆಯ ಅಕ್ಷರ ಮಕ್ಕಳದಲ್ಲ. ಒಂದರಲ್ಲಿ ಮೊದಲ ಸಾಲನ್ನು ಹೊಡೆದುಹಾಕಿ ಮೇಲೆ ಬೇರೆ ಬರೆಯಲಾಗಿದೆ. ಹೊಡೆದದ್ದು ಕಾಣುತ್ತದೆ. ಅದು ಯಾರದು ಅಂತ ನಾನು ಯಾರಿಗೂ ಹೇಳುವುದಿಲ್ಲ, ಆ ಮನೆಯವರ ಮೇಲೆ ಬೇಜಾರೂ ಇಲ್ಲ. ಆ ಏಳು ಮಕ್ಕಳಿಗೂ ಹೊಸ ಹಾಳೆ ಕೊಟ್ಟಿದ್ದೇನೆ.

ಶನಿವಾರದೊಳಗೆ ಪಟ್ಟಿಯನ್ನು ಮಕ್ಕಳ ಅಕ್ಷರದಲ್ಲೇ ಕಳಿಸಿಕೊಡಿ.

ಡಿಸೆಂಬರ್ 27ರ ಶನಿವಾರ ಬೆಳಿಗ್ಗೆ 10ಕ್ಕೆ ಪೋಷಕರ ಸಭೆ ಇದೆ. ಅವತ್ತು ಹಾಳೆಯನ್ನು ಮಧ್ಯೆ ಇಟ್ಟುಕೊಂಡು ಮಕ್ಕಳು, ನೀವು, ನಾವು ಮೂವರೂ ಕೂತು ಮಾತಾಡೋಣ. ಅಪ್ಪ, ಅಮ್ಮ ಇಬ್ಬರೂ ಬಂದರೆ ಒಳ್ಳೆಯದು. 20ರ ಪ್ರವಾಸಕ್ಕೆ ಬಸ್ಸು ಬೆಳಿಗ್ಗೆ 7ಕ್ಕೆ ಗೇಟಿನಿಂದ ಹೊರಡುತ್ತದೆ. ದೂರದ ಹಳ್ಳಿಯವರು ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ಉಳಿಯಬಹುದು, ಊಟ ಇರುತ್ತದೆ. ಮಧ್ಯಾಹ್ನಕ್ಕೆ ಬುತ್ತಿ ಕಟ್ಟಿಕೊಡಿ.

ಇಂತಿ ನಿಮ್ಮ ವಿಶ್ವಾಸಿ,
ಪ್ರಾಂಶುಪಾಲರು